ಜೋರ್ಕಾಳ ಒಲೆಯ ಮೇಲಿನ ಪಾತ್ರೆ

ಬೋಸ್ನಿಯಾದ ಬೆಟ್ಟದ ಮೇಲಿನ ನಮ್ಮ ಊರಿನಲ್ಲಿ ಹಿಂದೆ ಸರ್ಬ್ ಕ್ರೈಸ್ತರ ಪ್ರತಿ ಮನೆಯಲ್ಲೂ ಹಂದಿಯ ಕೊಬ್ಬು ಸೋಕದ ಪಾತ್ರೆಯೊಂದು ಬೇರೆ ಇರುತ್ತಿತ್ತು. ಹಬ್ಬಕ್ಕೆ ಬರುವ ಮುಸ್ಲಿಂ ನೆರೆಯವರಿಗೆ ಅದರಲ್ಲೇ ಅಡುಗೆ. ಸರ್ಬರಿಗೂ ಮುಸ್ಲಿಮರಿಗೂ ಯುದ್ಧ ಹತ್ತಿದ ಮೊದಲ ಬೇಸಿಗೆಯಲ್ಲಿ ಆ ನೆರೆಯವರನ್ನು ಲಾರಿಗೆ ತುಂಬಿ ಕಳಿಸಿದ ಮೇಲೆ ಆ ಪಾತ್ರೆಗಳೂ ಉಳಿದವುಗಳೊಡನೆ ಬೆರೆತುಹೋದವು. ನನ್ನ ದೊಡ್ಡಮ್ಮ ಜೋರ್ಕಾಳ ತಾಮ್ರದ ಪಾತ್ರೆ ಮಾತ್ರ ಒಲೆಯ ಮೇಲಿನ ಮೊಳೆಯಲ್ಲೇ ಉಳಿಯಿತು. ಪಕ್ಕದ ಮನೆಯ ನೆಫೀಸಾ ಮರಳಿ ಬಂದರೆ ಬೇಕಾಗುತ್ತದೆ ಎನ್ನುತ್ತಿದ್ದಳು, ಅಷ್ಟೇ.

ಅದು ಊರಿನ ವೀರರ ಕಣ್ಣು ಚುಚ್ಚುತ್ತಿತ್ತು. ಎಲ್ಲರಿಗಿಂತ ಹೆಚ್ಚು ಅವಳ ಮೈದುನ ಮಿಲೊರಾದನಿಗೆ. ಯುದ್ಧವಿಡೀ ಸೈನ್ಯದ ಉಗ್ರಾಣದಲ್ಲಿ ಡಬ್ಬಿಗಳನ್ನು ಕಾದ ಈ ಮಹಾಶಯ, ಯುದ್ಧ ಮುಗಿದ ಮೇಲೆ ಸಮವಸ್ತ್ರ ಬಿಚ್ಚಲೇ ಇಲ್ಲ. ನೆಫೀಸಾಳ ಮನೆಯ ನೀಲಿ ಬಾಗಿಲು ಅವನ ಹಂದಿಗೂಡು ಸೇರಿತ್ತು. ಅದನ್ನು ಕಿತ್ತು ತರುವಾಗ ನಡುಗದ ಕೈ ಖಾಲಿ ಪಾತ್ರೆಯೊಂದಕ್ಕೆ ಹೆದರಿತು.

ಚಳಿ ಹಿಡಿದ ಮೇಲೆ ಹಂದಿ ಕಡಿಯುವ ದಿನ ಬಂತು. ಜೋರ್ಕಾ ಅಂಗಳದ ಮೂಲೆಯಲ್ಲಿ ಕರುಳು ತೊಳೆಯುತ್ತಿದ್ದಾಗ ಅವನು ಒಳಹೊಕ್ಕು ಆ ಪಾತ್ರೆಯನ್ನೇ ತಂದು, ಅದರಲ್ಲಿ ಕೊಬ್ಬು ಕರಗಿಸಲು ಇಟ್ಟ. ಸುತ್ತ ಕೂತವರು ಪ್ಲಮ್ ಸಾರಾಯಿ ಹೀರುತ್ತ ನಕ್ಕರು.

"ಅತ್ತಿಗೆ, ನಿನ್ ಪಾತ್ರೆಗೂ ದೀಕ್ಷಾಸ್ನಾನ ಮಾಡಿಸ್ದೆ ನೋಡು," ಎಂದ.

ಜೋರ್ಕಾ ಕುದಿಯುವ ಕೊಬ್ಬನ್ನು ನೋಡಿದಳು. "ಒಳ್ಳೇದಾಯ್ತು ಮಿಲೊರಾದ್. ಅಂತೂ ನೀನೂ ಒಂದ್ ಯುದ್ಧ ಗೆದ್ದೆ."

ಯಾರೋ ಕೆಮ್ಮಿದರು. ನಗು ಅಲ್ಲಿಗೆ ನಿಂತಿತು.

ಅವಳು ಪಾತ್ರೆಯನ್ನು ಬೂದಿ ಹಾಕಿ ಉಜ್ಜಿ ಮತ್ತೆ ಮೊಳೆಗೆ ಹಾಕಿದಳು. ನೋಡಿದರೆ ಹಿಂದಿನ ಹಾಗೆಯೇ ಇತ್ತು.

ವಸಂತದಲ್ಲಿ ನೆಫೀಸಾ ಬಸ್ಸಿಳಿದು ಬಂದಳು, ಸೂರಿಲ್ಲದ ತನ್ನ ಮನೆ ನೋಡಲು. ತನ್ನ ನೀಲಿ ಬಾಗಿಲಿನ ಹಿಂದೆ ಹಂದಿ ಗುಟುರು ಹಾಕುವುದನ್ನು ಕೇಳಿಕೊಂಡೇ ಜೋರ್ಕಾಳ ಅಡುಗೆಮನೆ ಸೇರಿದಳು. ಮಿಲೊರಾದ್ ಗೆಳೆಯರೊಡನೆ ಕಿಟಕಿಯಾಚೆಯ ಬೇಲಿಗೆ ಒರಗಿ ನಿಂತ. ನಾಚಿಕೆಗೆ ಜೋರ್ಕಾ ಬಾಯಿ ಬಿಡುವುದಿಲ್ಲ, ನೆಫೀಸಾ ಆ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಣ್ಣುತ್ತಾಳೆ, ಆಮೇಲೆ ತಾನು ಕೂಗಿ ಹೇಳಬಹುದು. ಬದುಕಿನಲ್ಲಿ ಅವನಿಗಿದ್ದ ದೊಡ್ಡ ಆಸೆ ಇಷ್ಟು.

ನೆಫೀಸಾ ತಾನೇ ಪಾತ್ರೆ ಇಳಿಸಿದಳು. "ಇನ್ನೂ ಇಟ್ಕೊಂಡಿದೀಯಲ್ಲೇ," ಎಂದಳು. ಬಂದಾಗಿನಿಂದ ಆ ಮುಖ ಅರಳಿದ್ದು ಅದೇ ಮೊದಲು.

"ಅದ್ರಲ್ಲಿ ಬೇಡ ಕಣೇ," ಎಂದಳು ಜೋರ್ಕಾ. "ಹಂದಿ ಕೊಬ್ಬು ಕಾಯ್ಸಿದಾರೆ. ಉಳಿಸ್ಕೊಳ್ಳೋಕೆ ಆಗ್ಲಿಲ್ಲ ನನ್ ಕೈಲಿ."

ನೆಫೀಸಾ ಪಾತ್ರೆಯನ್ನು ಕೆಳಗಿಟ್ಟು ಕೈ ತೊಳೆದುಕೊಂಡಳು. "ಆಲೂಗಡ್ಡೆ ಇದ್ರೆ ಕೆಂಡಕ್ಕೆ ಹಾಕು. ಹಸಿವಾಗ್ತಿದೆ."

ಇಬ್ಬರೂ ಬೂದಿ ಕೊಡವಿ, ಉಪ್ಪು ಹಚ್ಚಿಕೊಂಡು ತಿಂದರು. ನಗಲು ಏನೂ ಸಿಗದೆ ಬೇಲಿಯ ವೀರರು ಚದುರಿದರು.

ಮತ್ತೆ ಬಂದಾಗ ನೆಫೀಸಾ ಹೊಸ ಪಾತ್ರೆಯೊಂದನ್ನು ತಂದು ಅದೇ ಮೊಳೆಗೆ ತೂಗುಹಾಕಿದಳು. ಎಂದೂ ಬೀಗ ಹಾಕದ ಜೋರ್ಕಾ ಈಗ ಹಂದಿ ಕಡಿಯುವ ದಿನ ಅಡುಗೆಮನೆಗೆ ಬೀಗ ಹಾಕುತ್ತಾಳೆ. ಕೀಲಿ ಅವಳ ಕೊರಳಲ್ಲಿ, ಶಿಲುಬೆಯ ಪಕ್ಕದಲ್ಲಿ.