ಕೋಲಿನಿಂದ ಒತ್ತುವ ಟ್ಯೂನರ್

ಚಾರ್ಜರ್ ಹುಡುಕಲು ಹೋಗಿ ಅಟ್ಟದ ಮೇಲಿನ ಡಬ್ಬವನ್ನು ನೆಲಕ್ಕೆ ಸುರಿದೆ. ಚಾರ್ಜರ್ ಸಿಗಲಿಲ್ಲ, ಸಿಕ್ಕಿದ್ದು ಅಂಗೈಯಗಲದ ಒಂದು ಕರಿ ರಿಮೋಟು. ಮೂಗಿಗೆ ಹಿಡಿದರೆ ಇನ್ನೂ ಊದಿನಕಡ್ಡಿಯ ವಾಸನೆ... ಅಥವಾ ನನಗೆ ಹಾಗನ್ನಿಸಿತೋ ಏನೋ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆತೆ, ಉಕ್ಕಿ ಹರಿಯಿತು. ಒರೆಸಿ ಬಂದವಳು ಮತ್ತೆ ಅದನ್ನೇ ಕೈಗೆತ್ತಿಕೊಂಡೆ.

ಅದು ಪಕ್ಕದ ಮನೆಯ ಕಾಕುವಿನ ಟಿ.ವಿ. ಟ್ಯೂನರಿನ ರಿಮೋಟು. ರಾಯಚೂರಿನ ನಮ್ಮ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ರಕ್ತ ಸಂಬಂಧವೇನಲ್ಲ, ಕರೆದು ಕರೆದು ಕಾಕು ಆದವರು. ತವರು ದೇವದುರ್ಗ, ಗಂಡನ ಊರು ಮಾನ್ವಿ. ಕಾಕಾ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಜಾತಕ ನೋಡಲೆಂದು ಕಂಪ್ಯೂಟರ್ ಕೊಂಡಿದ್ದರು. ಕಾಕುವಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಅವರಿಗೆ ಹಾಡು ಬೇಕು. ಬೆಳಿಗ್ಗೆ ಗೋಡೆಯಾಚೆ ಅವರು ದಾಸರ ಪದ ಶುರುಮಾಡಿದರೇ ನನಗೆ ಎಚ್ಚರ. ಸಣ್ಣ ದನಿಯೇನಲ್ಲ, ಮೇಲಕ್ಕೆ ಹೋದಾಗ ಸ್ವಲ್ಪ ಒಡೆಯುತ್ತಿತ್ತು. ಆ ಒಡಕೇ ನನಗೆ ಇಷ್ಟ.

ಒಮ್ಮೆ ಊರಿನ ಕೇಬಲ್ ಚಾನೆಲ್‌ನವರು ಮಾನ್ವಿಗೆ ಹೋಗಿ ಅಲ್ಲಿಯ ಹೆಂಗಸರ ಭಜನಾ ಮಂಡಳಿಯ ಹಾಡು ಚಿತ್ರೀಕರಿಸಿಕೊಂಡು ಬಂದರು. ಮುಂದೆ ಕೂತು ಹೇಳಿಕೊಟ್ಟವರು ಕಾಕು. ದ್ವಾದಶಿಯ ಬೆಳಿಗ್ಗೆ ಹಾಕುತ್ತೇವೆ ಎಂದಿದ್ದರು. ಆದರೆ ಆ ಕೇಬಲ್ ದೇವದುರ್ಗಕ್ಕೆ ಹೋಗುತ್ತಿರಲಿಲ್ಲ. ಅಲ್ಲಿ ಕಾಕುವಿನ ತಾಯಿ ಇದ್ದರು, ಮಗಳಿಗೆ ಪದ ಕಲಿಸಿದವರು. ಕಿವಿ ದಿನೇದಿನೇ ಮಂದವಾಗುತ್ತಿತ್ತು. ಪೂರ್ತಿ ಹೋಗುವುದರೊಳಗೆ ಮಗಳ ಹಾಡನ್ನು ಟಿ.ವಿ.ಯಲ್ಲಿ ಒಂದು ಸಲ ಕೇಳಬೇಕು ಎಂದು ಹೇಳಿಕಳಿಸಿದ್ದರು.

ನಾನು ಯರಗೇರಾದ ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಹಾಡನ್ನು ಹಿಡಿದಿಟ್ಟು ತಾಯಿಗೆ ಒಯ್ಯಬೇಕು, ಅದಕ್ಕೆ ಕಂಪ್ಯೂಟರಿನಲ್ಲಿ ಟಿ.ವಿ. ತೋರಿಸುವ ಟ್ಯೂನರ್ ಬೇಕು ಎಂದು ಕಾಕು ನನ್ನನ್ನು ಬಸ್ಸಿಳಿದ ಕಡೆಯೇ ಹಿಡಿದು ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯ ಭಾಯಿ ಮೊದಲು ಹೊರಗಿಡುವ ಡಬ್ಬಿ ತೋರಿಸಿದ.

"ಇದು ಚಲೋ ಅದ ಅಮ್ಮಾ. ಕಂಪ್ಯೂಟರ್ ಚಾಲೂ ಮಾಡೋದೇ ಬ್ಯಾಡ, ಸೀದಾ ಪಿಕ್ಚರ್ ಬರ್ತದ."

ಕಾಕಾನಿಗೆ ಕರೆಂಟು ಉಳಿಯುತ್ತದೆಂದು ಕಾಕುವಿನ ಮುಖ ಅರಳಿತು. ರೆಕಾರ್ಡ್ ಆಗುತ್ತದೆಯೇ ಎಂದು ನಾನು ಕೇಳಿದೆ. ಆಗುವುದಿಲ್ಲವಂತೆ. ಹಾಗಾದರೆ ಕಂಪ್ಯೂಟರಿನ ಒಳಗೆ ಕೂರಿಸುವ ಕಾರ್ಡೇ ಬೇಕು ಎಂದೆ. ಅದರಲ್ಲಿಯೂ ಎರಡು ಬಗೆ, ರಿಮೋಟು ಇದ್ದದ್ದು, ಇಲ್ಲದ್ದು. ನನಗೋ ಬೇಗ ಮುಗಿಸುವ ಅವಸರ, ಕಾಕುವಿಗೆ ಬೇರೆಯದೇ ಚಿಂತೆ.

"ರಿಮೋಟ್ ಇದ್ದದ್ದs ಕೊಡ್ರಿ. ಆದ್ರ ಕೋಲಿಲೆ ಒತ್ತಿದ್ರ ನಡೀತದೇನ್ರೀ ಅದು?"

ಭಾಯಿ ಕಣ್ಣು ಬಿಟ್ಟ. ನಾನು ನಕ್ಕುಬಿಟ್ಟೆ. ದ್ವಾದಶಿಯಂದು ಬೆಳಿಗ್ಗೆಯೇ ಪೂಜೆ, ನೈವೇದ್ಯ. ಮಡಿಯುಟ್ಟರೆ ಎಲ್ಲ ಮುಗಿಯುವತನಕ ಹೊರಗಿನದೇನನ್ನೂ ಕಾಕು ಮುಟ್ಟುವಂತಿಲ್ಲ. ಮಡಿಬಟ್ಟೆ ಒಣಹಾಕುವ ಉದ್ದನೆಯ ಕೋಲಿನಿಂದ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತೇ ಟಿ.ವಿ. ಸಂಭಾಳಿಸುವ ಹಂಚಿಕೆ ಹಾಕಿದ್ದರು. ಕಾರಣ ಕೇಳಿ ಭಾಯಿ ತಲೆ ಆಡಿಸಿದ. "ತಿಳೀತು ಬಿಡ್ರಿ ಅಮ್ಮಾ. ನಮ್ಮಾಗೂ ಕೈಕಾಲು ತೊಳದು ವಜೂ ಮಾಡಿದ ಮ್ಯಾಲೆ ನಮಾಜ್ ಮುಗಿಯೋತನಕ ಹುಷಾರ್ ಇರ್ತೀವಿ" ಎಂದು ಕಟ್ಟಿಗೆಯ ಸ್ಕೇಲು ಕೊಟ್ಟ. ಕಾಕು ಅದರ ತುದಿಯಿಂದ ಪ್ರತಿ ಬಟನ್ನನ್ನೂ ಒತ್ತಿ ನೋಡಿ, ಒಪ್ಪಿ, ಕಾರ್ಡು ತಂದರು.

ದ್ವಾದಶಿಯ ದಿನ ತಾನಾಗಿಯೇ ರೆಕಾರ್ಡ್ ಆಗುವಂತೆ ಇಟ್ಟು ನಾನು ಕಾಲೇಜಿಗೆ ಹೋದೆ. ಮನಸ್ಸೆಲ್ಲ ಇಲ್ಲಿಯೇ. ಕರೆಂಟು ಹೋಯಿತೇನೋ, ಕೇಬಲ್ ಕೈಕೊಟ್ಟಿತೇನೋ... ಸಂಜೆ ಚಪ್ಪಲಿ ಬಿಟ್ಟವಳೇ ಅವರ ಮನೆಗೆ ನುಗ್ಗಿದೆ. ಫೈಲು ಇತ್ತು. ಚಿತ್ರ ನಿಚ್ಚಳ. ನೀಲಿ ಸೀರೆಯುಟ್ಟು, ತಾಳ ಹಿಡಿದು ಕಾಕು ಹಾಡುತ್ತಿದ್ದಾರೆ. ದನಿ ಮಾತ್ರ ಇಲ್ಲ.

"ಮಂಗಳಾರತಿ ಹೊತ್ತಿನ್ಯಾಗ ಹತ್ತಿತು ನೋಡವಾ ಅದು," ಎಂದರು ಕಾಕು. "ದೇವರ ಮುಂದ ನಿಂತು ನನ್ನ ಹಾಡು ನಾನs ಕೇಳೂದೇನು? ಕೋಲಿಲೆ ದನಿ ಬಂದ್ ಮಾಡಿದೆ. ಸ್ಪೀಕರ್ ಅಷ್ಟs ಬಂದ್ ಆಗ್ತದ ಅಂತ ತಿಳಕೊಂಡಿದ್ದೆ."

ನನಗೂ ಹಾಗೆಯೇ ಅನ್ನಿಸುತ್ತಿತ್ತು. ಆದರೆ ಆ ಕಾರ್ಡಿನಲ್ಲಿ ದನಿ ಅಡಗಿಸಿದರೆ ರೆಕಾರ್ಡಿಗೂ ದನಿ ಹೋಗುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಕಾಕು ಮತ್ತೆ ಬಟನ್ ಒತ್ತಿದ್ದರು, ಅಷ್ಟರಲ್ಲಿ ಹಾಡು ಮುಗಿದಿತ್ತು. ಕೊನೆಗೆ ಬಂದ ಸೀರೆ ಅಂಗಡಿಯ ಜಾಹೀರಾತೊಂದೇ ಗಂಟಲು ಹರಿದುಕೊಂಡು ಕೂಗಿತು. ನನಗೆ ಅಳು, ಸಿಟ್ಟು ಎರಡೂ ಬಂದವು. ಮರುದಿನ ಚಾನೆಲ್ ಆಫೀಸಿಗೆ ಓಡಿದೆ. ಅದೇ ಕ್ಯಾಸೆಟ್ಟಿನ ಮೇಲೆ ಬೇರೇನೋ ತುಂಬಿಸಿಬಿಟ್ಟಿದ್ದರು.

"ಅವ್ವ ನನ್ನ ಮಾರಿ ಆದ್ರೂ ನೋಡ್ಲಿ ಬಾ" ಎಂದು ಕಾಕು ಹೊರಟರು. ಸಿ.ಡಿ. ಮಾಡಿಕೊಂಡು ಇಬ್ಬರೂ ದೇವದುರ್ಗದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಾಕು ಸೆರಗಿನ ತುದಿ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

ಅಜ್ಜಿಯನ್ನು ಟಿ.ವಿ.ಯ ಮುಂದೆ ಕೂರಿಸಿ ಸಿ.ಡಿ. ಹಚ್ಚಿದೆವು. ಮಗಳ ಮುಖ ಕಂಡೊಡನೆ ಅಜ್ಜಿ ಕೈ ಮುಗಿದರು. ಆಮೇಲೆ ಕಿವಿಯ ಹಿಂದೆ ಅಂಗೈ ಹಿಡಿದರು. ಮುಂದಕ್ಕೆ ಬಾಗಿದರು. ಇನ್ನೊಂದು ಕಿವಿ ಕೊಟ್ಟರು. ಮುಖ ಬಾಡುತ್ತ ಬಂತು.

"ಯವ್ವಾ... ನನ್ನ ಕಿವಿ ಪೂರಾ ಹೋದ್ವೇನು? ನೀ ಹಾಡಾಕತ್ತಿ, ನನಗ ಏನೂ ಕೇಳವಲ್ದು."

ಇದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಇಲ್ಲಜ್ಜಿ, ತಪ್ಪು ಸಿ.ಡಿ.ಯದು ಎನ್ನಲು ಬಾಯಿ ತೆರೆದೆ. ಕಾಕು ನನ್ನ ಮುಂಗೈ ಅದುಮಿದರು. ತಾಯಿಯ ಬೆನ್ನ ಹಿಂದೆ ಸರಿದು, ಕಿವಿಯ ಹತ್ತಿರ ಬಾಗಿ, ಕಣ್ಣು ಟಿ.ವಿ.ಯ ಮೇಲಿಟ್ಟು, ಅಲ್ಲಿ ತುಟಿ ಆಡಿದ ಹಾಗೆಯೇ ಹಾಡತೊಡಗಿದರು. ಮೊದಲ ಸಾಲು ತುಸು ಹಿಂದೆ ಬಿತ್ತು. ಎರಡನೆಯದಕ್ಕೆ ಹೊಂದಿಕೊಂಡಿತು. ಮೇಲಕ್ಕೆ ಹೋದಾಗ ಅದೇ ಒಡಕು.

ಅಜ್ಜಿ ಹಿಂದಿರುಗಿ ನೋಡಲಿಲ್ಲ. ಟಿ.ವಿ.ಯನ್ನೇ ನೋಡುತ್ತ ತೊಡೆಯ ಮೇಲೆ ತಾಳ ಹಾಕಿದರು. "ಈಗ ಕೇಳಾಕತ್ತು. ಇಷ್ಟೊತ್ತು ದನಿ ಸಣ್ಣ ಇಟ್ಟಿದ್ರೇನು?"

"ಹೂಂ ಅವ್ವಾ," ಎಂದರು ಕಾಕು, ಎರಡು ಸಾಲಿನ ನಡುವೆ ಉಸಿರು ತೆಗೆದುಕೊಂಡು. "ನಾನs ಸಣ್ಣ ಮಾಡಿದ್ದೆ."

ಹಾಡು ಮುಗಿದು ಸೀರೆ ಅಂಗಡಿ ಅರಚಿತು. ಅದು ಬೇಡ, ಮಗಳದ್ದೇ ಇನ್ನೊಮ್ಮೆ ಹಚ್ಚು ಎಂದರು ಅಜ್ಜಿ. ಕಾಕು ಮೊದಲಿಂದ ಮತ್ತೆ ಹಾಡಿದರು. ನಾನು ಎದ್ದು ಪಡಸಾಲೆಗೆ ಹೋದೆ. ಟಿ.ವಿ.ಯ ಮುಂದೆ ಕೂತಿರಲು ನನ್ನಿಂದಾಗಲಿಲ್ಲ.

ಅಜ್ಜಿ ಹೋದರು, ಕಾಕಾ ಹೋದರು. ಕಂಪ್ಯೂಟರ್ ನನ್ನ ಮನೆಗೆ ಬಂತು. ಎಲ್ಲರ ಕೈಗೂ ರೆಕಾರ್ಡ್ ಮಾಡುವ ಮೊಬೈಲ್ ಬರುವ ಹೊತ್ತಿಗೆ ಕಾಕುವಿಗೆ ಉಬ್ಬಸ, ಹಾಡು ಬಿಟ್ಟಿದ್ದರು. ಆಮೇಲೆ ಅವರೂ... ಗೋಡೆಯಾಚೆ ಈಗ ಯಾರೋ ಬಾಡಿಗೆಗಿದ್ದಾರೆ.

ಇವತ್ತು ಮಧ್ಯಾಹ್ನ ಆ ಫೈಲು ಹುಡುಕಿ ತೆಗೆದೆ. ಗೊತ್ತಿದ್ದೂ ದನಿ ಪೂರ್ತಿ ಏರಿಸಿಟ್ಟೆ. ಕಾಕುವಿನ ತುಟಿ ಆಡುತ್ತಿವೆ. ಯಾವ ಪದವೆಂದು ಗೊತ್ತಿದೆ, ಜೊತೆಗೆ ಗುನುಗಿ ನೋಡಿದೆ. ಆ ಬಾಯಿಗೆ ನನ್ನ ದನಿ ಒಪ್ಪಲಿಲ್ಲ, ನಿಲ್ಲಿಸಿದೆ. ದನಿ ಕೇಳದಿದ್ದಾಗ ತನ್ನ ಕಿವಿ ಹೋಗಿದೆ ಎಂದುಕೊಳ್ಳಲಾದರೂ ಅಜ್ಜಿಗೆ ಸಾಧ್ಯವಾಯಿತು. ನನ್ನ ಕಿವಿ ನೆಟ್ಟಗಿವೆ.