ಶ್ರಾವಣದಲ್ಲಿ ಕಂಡ ಈರುಳ್ಳಿ

ಗೋಡೆ ಕಟ್ಟುವುದು ನನ್ನ ಕಸುಬು. ಶ್ರಾವಣ ಮುಗಿಯುವ ತನಕ ನಮ್ಮ ಮನೆಯೊಳಗೆ ಈರುಳ್ಳಿ ಬರುವುದಿಲ್ಲ. ನಾನು ಹೊರಗೂ ಮುಟ್ಟುವವನಲ್ಲ. ಅಂಥ ದಿನಗಳಲ್ಲೇ ಭಾವಿಕೇರಿ ಕಡೆಯ ಒಂದು ಶಾಲೆಯಲ್ಲಿ ಗೋಡೆಗೆ ಗಾರೆ ಮೆತ್ತುವ ಗಿಲಾವು ಕೆಲಸ ಬಂತು. ಪಕ್ಕದ ಕೋಣೆಯಲ್ಲಿ ವಿಜ್ಞಾನದ ಅಕ್ಕೋರು ಮಕ್ಕಳಿಗೆ ಸೂಕ್ಷ್ಮದರ್ಶಕದಲ್ಲಿ ಏನೋ ತೋರಿಸುತ್ತಿದ್ದರು. ನಾನು ಬಾಗಿಲಲ್ಲಿ ಇಣುಕಿದ್ದು ಕಂಡು ಕರೆದರು.

“ಬನ್ನಿ ಮೇಸ್ತ್ರಿ, ನೀವೂ ನೋಡಿ. ಈರುಳ್ಳಿ ಪೊರೆಯ ಜೀವಕೋಶ.”

ನಾನು ಹಿಂದೆ ಸರಿದೆ. “ಶ್ರಾವಣ ಅಕ್ಕೋರೇ. ನನಗೆ ಈರುಳ್ಳಿ ನಡೆಯೂದಿಲ್ಲ.”

“ತಿನ್ನಿ ಅಂದ್ನಾ ಮಾರಾಯ್ರೇ? ನೋಡಿ ಅಂದೆ!”

ಮಕ್ಕಳು ನಕ್ಕರು. ವ್ರತ ಕೆಡುತ್ತದೆಂಬ ಭಯ ಒಂದು ಕಡೆ, ನೋಡುವ ಆಸೆ ಇನ್ನೊಂದು ಕಡೆ. ಕಡೆಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ದೇವರನ್ನು ನೆನೆದು ಬಗ್ಗಿದೆ.

ಚಿರೇಕಲ್ಲಿನ ಗೋಡೆ! ಸಂದಿನ ಮೇಲೆ ಸಂದು ಬಾರದ ಹಾಗೆ ಹೊಂದಿಸಿ ಕಟ್ಟಿದ್ದು. ಒಂದೊಂದು ಕಲ್ಲಿನೊಳಗೂ, ಗೂಡಿನಲ್ಲಿ ದೀಪ ಇಟ್ಟಂತೆ, ಒಂದು ಚುಕ್ಕೆ.

“ಅದು ಕೋಶಕೇಂದ್ರ. ಕೋಶದ ಕೆಲಸವೆಲ್ಲ ಅದು ಹೇಳಿದ ಹಾಗೆ ನಡೀತದೆ,” ಅಂದರು ಅಕ್ಕೋರು.

“ಅಂದ್ರೆ ಕಲ್ಲಿಗೊಬ್ಬ ಮೇಸ್ತ್ರಿ! ನಮ್ಮಲ್ಲಿ ಅಷ್ಟು ಮೇಸ್ತ್ರಿಗಳು ಸೇರಿದ್ರೆ ಗೋಡೆ ಏಳೂದೇ ಇಲ್ಲ,” ಅಂದೆ. ಅಕ್ಕೋರೂ ನಕ್ಕರು.

ಸಂಜೆ ಅಂಗಳದಲ್ಲೇ ನಿಂತು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸ್ವಲ್ಪ ಯೋಚಿಸಿ ಕೇಳಿದಳು: “ಎರಡೂ ಕಣ್ಣಲ್ಲಿ ನೋಡಿದ್ರಾ?”

“ಇಲ್ಲ. ಅದರಲ್ಲಿ ಒಂದೇ ಕಣ್ಣಿಟ್ಟು ನೋಡೂದು.”

“ಹಾಗಾದ್ರೆ ಅರ್ಧ ವ್ರತ ಉಳೀತು.”

ಉಳಿದರ್ಧಕ್ಕೆ ಬಾವಿಕಟ್ಟೆಯಲ್ಲಿ ತಣ್ಣೀರು ಸ್ನಾನ ಮಾಡಿಸಿಯೇ ಒಳಗೆ ಬಿಟ್ಟಳು.