ಮಂಚ ಯಾವ ದಿಕ್ಕಿಗೆ

ಈ ಬೆಳಿಗ್ಗೆ ಕೋಣೆ ಒರೆಸಲೆಂದು ಮಂಚ ಸರಿಸಿದೆ ನೋಡಿ, ಕೆಂಪು ನೆಲದ ಮೇಲೆ ಅದರ ಕಾಲುಗಳು ಗೀಚಿದ ಬಾಗು ಗೆರೆಗಳು ಇನ್ನೂ ಇವೆ. ನೆಲ ಹಾಳು ಮಾಡಿದವಳು ನಾನೇ. ನಗು ಬಂತು.

ನಮ್ಮ ಕೃಷ್ಣಗಿರಿ ಹೊಸ ಜಿಲ್ಲೆಯಾದ ವರ್ಷ ನಡೆದದ್ದು ಅದು. ನಾನು ಐದು ತಿಂಗಳ ಬಸುರಿ. ಮೊದಲೆರಡು ಬಸಿರು ನಿಂತಿರಲಿಲ್ಲವಾದ್ದರಿಂದ, ದೇವರ ದೀಪ ಹಚ್ಚುವಾಗಲೂ ಹೆಜ್ಜೆ ಮೆಲ್ಲಗೆ ಇಡುತ್ತಿದ್ದೆ. ಹೊಸೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವಳು ವಿಮಲ, ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಡಂ. ನಾನು ತಾರಸಿಯಲ್ಲಿ ಸಂಡಿಗೆ ತಿರುವಿ ಹಾಕುತ್ತಿದ್ದಾಗ, ನಕ್ಷತ್ರಗಳಾಚೆಯಿಂದ ಬರುವ ವಿಶ್ವಕಿರಣಗಳು ಹಗಲೂ ರಾತ್ರಿ ನಮ್ಮ ಮೈಯೊಳಗೇ ಹಾದುಹೋಗುತ್ತವೆ ಎಂದಳು. ಆಕಾಶದ ಒಂದು ಕಡೆಯಿಂದ ಕೂದಲೆಳೆಯಷ್ಟು ಹೆಚ್ಚು ಎಂದೂ ಕೈ ತೋರಿಸಿ ಸೇರಿಸಿದಳು.

ನಾನು ಕೆಳಗಿಳಿದವಳೇ ಆ ಕಡೆಗೆ ಬೆನ್ನಾಗುವಂತೆ ಮಂಚ ತಿರುಗಿಸಿದೆ. ಮರುದಿನ ಅನುಮಾನ ಬಂದು ಇನ್ನೊಂದು ಕಡೆಗೆ. ಉತ್ತರಕ್ಕೆ ತಲೆ ಹಾಕಬಾರದೆಂಬ ಶಾಸ್ತ್ರ ಬೇರೆ. ಇದ್ದ ದಿಕ್ಕುಗಳೇ ಸಾಲದಾದವು.

“ಏನಮ್ಮಿ, ಇದು ಮಂಚಾನಾ ಗಾಣಾನಾ? ಬಸ್ರಿ ಹೆಂಗ್ಸು ತಳ್ಳೋ ಕೆಲ್ಸಾನಾ ಇದು?” ಎಂದು ಗದರಿದ ಅತ್ತೆ, ವಿಷಯ ತಿಳಿದು ವಿಮಲಳನ್ನೇ ಕೆಳಗೆ ಕರೆಸಿದರು.

ಅವಳು ನಗಲಿಲ್ಲ. ಮಂಚದ ತುದಿಯಲ್ಲಿ ಕೂತಳು. “ಅಕ್ಕಾ, ಸೂರ್ಯ ತನ್ನ ಸುತ್ತ ಕಾಂತಶಕ್ತಿಯ ದೊಡ್ಡ ಗುಳ್ಳೆ ಊದ್ಕೊಂಡವ್ನೆ. ನಾವೆಲ್ಲಾ ಅದ್ರೊಳಗೇ ಇರೋದು. ಬಲ ಕಮ್ಮಿ ಇರೋ ಕಿರಣಗಳ್ನ ಬೋ ಪಾಲು ಅದು ಹೊರಗೇ ತಿರುಗ್ಸಿಬಿಡ್ತದೆ. ಬಲವಾದ್ದು ಒಳಕ್ಕೆ ಬಂದ್ರೂ ದಾರಿ ಬಾಗೋಗಿರ್ತದೆ. ಎಲ್ಲಿಂದ ಹೊರಟಿದ್ದು ಅಂತ ಓದಿದೋರಿಗೇ ಹೇಳಕ್ಕಾಗಲ್ಲ.” ಉಳಿದದ್ದಕ್ಕೆ ಭೂಮಿಯ ಕಾಂತ, ತಲೆ ಮೇಲಿನ ಗಾಳಿ ಅಡ್ಡ ಇವೆಯೆಂದಳು; ಅಜ್ಜಿ ಮುತ್ತಜ್ಜಿಯರೂ ಈ ಕಿರಣಗಳ ನಡುವೆಯೇ ಹೆತ್ತವರೆಂದಳು.

“ಹಂಗಾದ್ರೆ ನಾನು ಯಾವ ಕಡೆ ತಿರುಗ್ಲಿ?”

“ಎಡಮಗ್ಗುಲಿಗೆ ತಿರುಗಿ ನಿದ್ದೆ ಮಾಡಕ್ಕಾ. ಡಾಕ್ಟರಮ್ಮ ಹೇಳಿರೋದು ಅಷ್ಟೇ ತಾನೇ.”

ಎಷ್ಟೋ ವಾರಗಳ ಮೇಲೆ ಅಂದು ಕಣ್ತುಂಬ ನಿದ್ದೆ ಬಂತು. ತಿಂಗಳು ತುಂಬಿ ಮಗಳು ಹುಟ್ಟಿದಳು. ಈಗ ಜಡೆ ಹಾಕಲು ಹಿಡಿದರೆ ಕೈಗೆ ಸಿಗುವುದಿಲ್ಲ.

ದಿನಾ ಬೆಳಿಗ್ಗೆ ಸೂರ್ಯನಿಗೆ ನೀರು ಬಿಡುವವಳು ನಾನು. ಬೆಳಕು ಕೊಟ್ಟೆಯಪ್ಪ, ಬಟ್ಟೆ ಒಣಗಿಸಿದೆಯಪ್ಪ ಎಂದು ಕಣ್ಣಿಗೆ ಕಂಡ ಉಪಕಾರಗಳನ್ನೇ ಹೇಳಿಕೊಂಡು ಬಂದಿದ್ದೆ. ಇವತ್ತೂ ಹಾಗೇ ನಿಂತಿದ್ದೆ.

“ಅಮ್ಮಾ, ಆಯ್ತಾ? ಸ್ಕೂಲ್ ಬಸ್ಸು ಬತ್ತೈತೆ,” ಎಂದಳು ಮಗಳು ಬಾಗಿಲಲ್ಲಿ.

ಚೊಂಬಿನಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಯಾವ ದಿಕ್ಕಿನಿಂದ ಏನೇನು ಬರುತ್ತಿತ್ತೋ, ಆ ಗುಳ್ಳೆ ಊದಿಕೊಂಡ ಸೂರ್ಯ ಏನೇನನ್ನು ಹಿಂದಕ್ಕೆ ಕಳಿಸಿದನೋ ನಾನರಿಯೆ. ಆ ಕಾಣದ ಉಪಕಾರಕ್ಕೂ ಎಂದು ಉಳಿದ ನೀರನ್ನೂ ಬಿಟ್ಟೆ.